ಕಾಂಪೋಸ್ಟ್ ಚೀಲ ವಾಪಸ್ ಕೊಡು ಅಂತಾಳೆ ಮಗಳು: ಪೀಟ್ ಜೌಗಿನ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಆಫಲಿ_ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಐರ್ಲೆಂಡಿಗೆ ಬಂದು ಆರು ವರ್ಷ ಆಯ್ತು, ಇರೋದು ಆಫಲಿ ಕೌಂಟಿಯಲ್ಲಿ. ಈ ಸಲ ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ, ನಾಲ್ಕು ಟೊಮ್ಯಾಟೊ ಹಾಕೋಣ ಅಂತ ಶನಿವಾರ ಎರಡು ಚೀಲ ಕಾಂಪೋಸ್ಟ್ ತಂದೆ. ಕಪ್ಪಗೆ, ಹಗುರವಾಗಿ, ಕೈಯಲ್ಲಿ ಹಿಡಿದರೆ ಫಿಲ್ಟರ್ ಕಾಫಿ ಗಸಿ ಥರ ಇದೆ. ಒಂದು ಚೀಲ ಬಿಚ್ಚಿದ್ದೆ ಅಷ್ಟೆ, ಮಗಳು (9 ವರ್ಷ) ಹಿಂದಿನ ಸಣ್ಣಕ್ಷರ ಓದಿ "ಅಮ್ಮಾ, ಇದರಲ್ಲಿ ಪೀಟ್ ಇದೆ, ವಾಪಸ್ ಕೊಟ್ಟು ಬಾ" ಅಂತ ಹಟ ಹಿಡಿದಳು. ಪೀಟ್ ಅಂದ್ರೆ ಇಲ್ಲಿನ ಜೌಗಿನಿಂದ ಅಗೆದು ತೆಗೆಯೋ ಕಪ್ಪು ಮಣ್ಣಿನಂಥದ್ದು. ಹೋದ ತಿಂಗಳು ಶಾಲೆಯವರು ಕ್ಲಾರಾ ಬಾಗ್ ಅನ್ನೋ ಪೀಟ್ ಜೌಗು ತೋರಿಸೋಕೆ ಕರ್ಕೊಂಡು ಹೋಗಿದ್ರು. ಅಲ್ಲಿಂದ ಬಂದಾಗಿನಿಂದ ಮನೇಲಿ ಇದೇ ಉಪನ್ಯಾಸ.

ಇನ್ನೊಂದು ಕಡೆ ಪಕ್ಕದ ಮನೆ ಅಜ್ಜ. 78 ವರ್ಷ. ಅವರದ್ದೇ ಒಂದು ಪಟ್ಟಿ ಜೌಗು ಇದೆ, ಪ್ರತಿ ಬೇಸಿಗೆ ಟರ್ಫ್ (ಒಲೆಗೆ ಉರಿಸೋ ಪೀಟ್ ಇಟ್ಟಿಗೆ) ಕಡೀತಾರೆ, ಚಳಿಗಾಲ ಬಂದರೆ ನಮಗೂ ಎರಡು ಮೂಟೆ ತಂದಿಡ್ತಾರೆ. ಇವಳು ಅವರ ಎದುರಿಗೇ ಬಾಯಿಬಿಟ್ಟಳು. ಅಜ್ಜನ ಮುಖ ಸಪ್ಪಗಾಯ್ತು. "ನಮ್ಮಪ್ಪ ಕಡಿದ, ನಾನು ಕಡಿದೆ. ಈಗ ಡಬ್ಲಿನ್‌ನಲ್ಲಿ ಕೂತವರಿಗೆ ಜ್ಞಾನೋದಯ ಆಗಿದೆ" ಅಂದ್ರು.

ನನಗೆ ಅರ್ಥ ಆಗದ್ದು ಇಷ್ಟೆ. ಅದು ಜೌಗು ತಾನೆ? ನಮ್ಮೂರಲ್ಲಿ ಅಂಥ ಜಾಗ ಸಿಕ್ಕಿದರೆ ಮಣ್ಣು ಹೊಡೆದು ಸೈಟ್ ಮಾಡ್ತಾರೆ. ಇದಕ್ಕೆ ಇಷ್ಟು ರಂಪ ಯಾಕೆ?

ಚುರುಮುರಿ
ಒಂಬತ್ತು ವರ್ಷದವಳ ಎದುರು ವಾದ ಮಾಡಿ ಗೆದ್ದವರಿಲ್ಲ. ಚೀಲ ವಾಪಸ್ ಕೊಡಿ.

ಮಣ್ಣುಮೇಷ್ಟ್ರು
ತಾಯಿ, ಉಪ್ಪಿನಕಾಯಿ ಜಾಡಿ ನೆನಪು ಮಾಡಿಕೊಳ್ಳಿ. ಮಿಡಿ ಉಪ್ಪುನೀರಲ್ಲಿ ಮುಳುಗಿರೋ ತನಕ ವರ್ಷಗಟ್ಟಲೆ ಕೆಡಲ್ಲ. ರಸ ಇಳಿದು ಮಿಡಿ ಮೇಲೆದ್ದಿತೋ, ನಾಲ್ಕೇ ದಿನಕ್ಕೆ ಬೂಷ್ಟು. ಪೀಟ್ ಜೌಗಿನದೂ ಅದೇ ಕಥೆ. ಅಲ್ಲಿ ಬೆಳೆಯೋದು ಸ್ಫ್ಯಾಗ್ನಮ್ ಅನ್ನೋ ಹಾವಸೆ. ತನ್ನ ಒಣತೂಕದ ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲದು, ಜೊತೆಗೆ ಸುತ್ತಲಿನ ನೀರನ್ನೂ ಹುಳಿ ಮಾಡುತ್ತೆ. ನಿಂತ ನೀರು, ಆಮ್ಲಜನಕ ಇಲ್ಲ, ಹುಳಿ ಬೇರೆ, ಮೇಲಿಂದ ಚಳಿ. ಕೊಳೆಸುವ ಸೂಕ್ಷ್ಮಜೀವಿಗಳು ಏನು ಮಾಡಿಯಾವು? ಸತ್ತ ಹಾವಸೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಲೆಕ್ಕ ಹಾಕಿ ನೋಡಿ. ಒಂದೂವರೆ ಅಡಿ ಅಗೆದರೆ ತಾಳಿಕೋಟೆ ಯುದ್ಧದ ಕಾಲದ ಹಾವಸೆ ಸಿಗುತ್ತೆ. ಎದೆಮಟ್ಟ ದಾಟಿ ಇಳಿದರೆ ಹಲ್ಮಿಡಿ ಶಾಸನದ ಕಾಲ. ಐರ್ಲೆಂಡಿನಲ್ಲಿ ತಳ ಮುಟ್ಟಿದರೆ ಹಿಮ ಕರಗಿದ ಕಾಲಕ್ಕೇ ಹೋಗ್ತೀರಿ, ಹತ್ತು ಸಾವಿರ ವರ್ಷ. ಅದನ್ನು ಚೀಲಕ್ಕೆ ತುಂಬಿ, ಒಂದು ಬೆಳೆ ಕೊತ್ತಂಬರಿ ತೆಗೆದು ಎಸೆಯೋದು ಅಂದ್ರೆ... ನಿಮ್ಮ ಮಗಳ ಸಿಟ್ಟು ನ್ಯಾಯವಾದದ್ದೇ.

ಇನ್ನೊಂದು ಮಾತು. ಭೂಮಿಯ ನೆಲದಲ್ಲಿ ಪೀಟ್ ಇರೋದು ಶೇ. 3ರಷ್ಟು ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡಿನ ಮರಗಿಡಗಳಲ್ಲಿ ಎಷ್ಟು ಇಂಗಾಲ ಇದೆಯೋ ಅದರ ಸುಮಾರು ಎರಡರಷ್ಟು ಅಲ್ಲಿ ಕೂತಿದೆ. ಕಾಲುವೆ ತೋಡಿ ನೀರು ಬಸಿದಿರಿ ಅಂದ್ರೆ ಜಾಡಿ ಮುಚ್ಚಳ ತೆಗೆದ ಹಾಗೆ. ಕಡಿಯದೇ ಬಿಟ್ಟರೂ ಅದು ಒಣಗಿ, ಗಾಳಿ ತಾಗಿ, ಕಾರ್ಬನ್ ಡೈಆಕ್ಸೈಡ್ ಆಗಿ ಹೋಗ್ತಾನೇ ಇರುತ್ತೆ.

ಚುರುಮುರಿ
ಉಪ್ಪಿನಕಾಯಿ ಅಂದಿದ್ದಕ್ಕೆ ನೆನಪಾಯ್ತು. 1950ರಲ್ಲಿ ಡೆನ್ಮಾರ್ಕಿನಲ್ಲಿ ಪೀಟ್ ಕಡಿಯುತ್ತಿದ್ದವರಿಗೆ ಒಂದು ಹೆಣ ಸಿಕ್ತು. ಕೊರಳಲ್ಲಿ ಹಗ್ಗ, ಗಲ್ಲದ ಮೇಲೆ ಕುರುಚಲು ಗಡ್ಡ, ಮುಖ ನಿದ್ದೆ ಮಾಡಿದ ಹಾಗೆ. ಇತ್ತೀಚಿನ ಕೊಲೆ ಇರಬೇಕು ಅಂತ ಪೊಲೀಸರನ್ನ ಕರೆದ್ರಂತೆ. ನೋಡಿದರೆ ಎರಡು ಸಾವಿರ ವರ್ಷಕ್ಕಿಂತ ಹಳೇದು! ಟೊಲುಂಡ್ ಮನುಷ್ಯ ಅಂತಾರೆ.

ಆಫಲಿ_ಅಮ್ಮ
ಅಯ್ಯೋ, ಇದನ್ನ ಮಗಳಿಗೆ ಹೇಳಲ್ಲ. ರಾತ್ರಿ ಮಲಗೋದಿಲ್ಲ ಆಮೇಲೆ.

ಡಬ್ಲಿನ್_ದೋಸೆ
ಅವಳಿಗೆ ಆಗಲೇ ಗೊತ್ತಿರುತ್ತೆ ಬಿಡಿ. ಡಬ್ಲಿನ್ ಮ್ಯೂಸಿಯಮ್ಮಿನಲ್ಲೇ ಇಂಥವನ್ನ ಗಾಜಿನೊಳಗೆ ಇಟ್ಟಿದ್ದಾರೆ, 2003ರಲ್ಲಿ ಸಿಕ್ಕಿದ ಎರಡು. ಅದರಲ್ಲೊಂದು ನಿಮ್ಮ ಆಫಲಿಯದ್ದೇ.

ಹುಬ್ಬಳ್ಳಿ_ಗಿರ್ಮಿಟ್
ಮೇಷ್ಟ್ರ, ಒಂದು ಪ್ರಶ್ನೆ ಐತ್ರಿ. ನಿಂತ ನೀರಿನ್ಯಾಗ ಮಿಥೇನ್ ಹುಟ್ಟತೈತಿ ಅಂತ ನೀವ ಹೇಳ್ತೀರಿ. ಭತ್ತದ ಗದ್ದಿ ಮಿಥೇನ್ ಬಿಡತಾವ ಅಂತ ನಮ್ಮ ರೈತರಿಗೆ ಬೈತೀರಿ. ಅದ ಜೌಗು ಐರ್ಲೆಂಡಿನ್ಯಾಗ ಇದ್ರ ಪೂಜಾ ಮಾಡ್ಬೇಕೇನ್ರಿ? ಇದ್ಯಾವ ನ್ಯಾಯ?

ಮಣ್ಣುಮೇಷ್ಟ್ರು
ಪ್ರಶ್ನೆ ಸರಿಯಾಗೇ ಇದೆ, ಗಿರ್ಮಿಟ್ ಅವರೆ. ಹಸಿ ಜೌಗು ಮಿಥೇನ್ ಬಿಡುತ್ತೆ, ಸುಳ್ಳಲ್ಲ. ಒಣಗಿದ ಜೌಗಿಗೆ ಮತ್ತೆ ನೀರು ನಿಲ್ಲಿಸಿದರೆ ಮೊದಮೊದಲು ಇನ್ನೂ ಜಾಸ್ತಿ ಬಿಡಬಹುದು. ಆದರೆ ಮಿಥೇನ್ ಗಾಳಿಯಲ್ಲಿ ಇರೋದು ಸುಮಾರು ಹನ್ನೆರಡು ವರ್ಷ. ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತೆ, ಮೇಲೆ ಮೇಲೆ ಪೇರುತ್ತಾ ಹೋಗುತ್ತೆ. ಅದಕ್ಕೇ ಲೆಕ್ಕ ಕೊನೆಗೆ ಹಸಿ ಜೌಗಿನ ಕಡೆಗೇ ವಾಲುತ್ತೆ. ಭತ್ತದ ರೈತರಿಗೆ ನಾನಂತೂ ಬೈದಿಲ್ಲ ಮಾರಾಯ್ರೆ, ನಮ್ಮದೂ ಎರಡೆಕರೆ ಗದ್ದೆಯೇ.

ಯಾರ್ಕ್‌ಶೈರ್_ಯಾಲಕ್ಕಿ
ನೀರು ಬಸಿದರೆ ಏನಾಗುತ್ತೆ ಅಂತ ಕಣ್ಣಾರೆ ನೋಡಬೇಕಾದರೆ ಇಂಗ್ಲೆಂಡಿನ ಕೇಂಬ್ರಿಜ್‌ಶೈರಿಗೆ ಹೋಗಿ. ಹೋಮ್ ಫೆನ್ ಅಂತ ಜಾಗ. 1851ರ ಸುಮಾರಿಗೆ ಕೆರೆ ಬಸಿದು ಹೊಲ ಮಾಡಿದಾಗ, ನೆಲ ಎಷ್ಟು ಕುಸಿಯುತ್ತೆ ನೋಡೋಣ ಅಂತ ಒಂದು ಕಬ್ಬಿಣದ ಕಂಬ ಹುಗಿದರು. ತುದಿ ನೆಲಕ್ಕೆ ಸಮ. ಈಗ ಆ ಕಂಬ ನೆಲದಿಂದ ನಾಲ್ಕು ಮೀಟರ್ ಮೇಲೆ ನಿಂತಿದೆ! ನಾನು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ನನ್ನ ತಲೆ ಮೇಲೆ ಇನ್ನೂ ಒಂದೂವರೆ ಆಳು ಕಂಬ. ಅದು ಬೆಳೆದಿಲ್ಲ, ನೆಲವೇ ಕರಗಿ ಗಾಳಿಗೆ ಹೋಗಿದೆ.

ಸ್ಕಾಟ್ಲೆಂಡಿನ ಉತ್ತರದ ಫ್ಲೋ ಕಂಟ್ರಿದು ಇನ್ನೂ ತಮಾಷೆ. 1980ರ ದಶಕದಲ್ಲಿ ಗಿಡ ನೆಟ್ಟರೆ ತೆರಿಗೆ ವಿನಾಯಿತಿ ಅಂತ, ಆ ಕಡೆ ಒಮ್ಮೆಯೂ ಕಾಲಿಡದ ಶ್ರೀಮಂತರೆಲ್ಲ ದುಡ್ಡು ಹಾಕಿ ಜೌಗು ಉಳಿಸಿ ಸ್ಪ್ರೂಸ್ ನೆಡಿಸಿದರು. ಉಳಿಸಿ ಅಂದ್ರೆ ನೇಗಿಲು ಹೊಡೆಸಿ ಅಂತ, ಕಾಪಾಡಿ ಅಂತಲ್ಲ. 1988ರಲ್ಲಿ ವಿನಾಯಿತಿ ನಿಂತಿತು. ಈಗ ಆ ಮರ ಕಡಿದು, ಕಾಲುವೆ ಮುಚ್ಚಿ, ಜೌಗನ್ನು ವಾಪಸ್ ತರ್ತಿದ್ದಾರೆ. 2024ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೂ ಸೇರಿತು. ಮರ ಕಡಿದು ಪರಿಸರ ಉಳಿಸೋದು ಅಂದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ.

ಹಡ್ಲುಗದ್ದೆ
ಯಾಕೆ ನಂಬಲ್ಲ? ಮಲೆನಾಡಲ್ಲಿ ಹುಲ್ಲುಗಾವಲು, ಬ್ಯಾಣ ಎಲ್ಲ ಪಾಳು ಅಂತ ಬರೆದು ಅಕೇಶಿಯಾ ನೆಟ್ಟವರನ್ನ ನೋಡಿದವರಿಗೆ ಥಟ್ಟನೆ ಅರ್ಥ ಆಗುತ್ತೆ.

ಮತ್ತೆ, ನಮ್ಮಲ್ಲೂ ಪೀಟ್ ಜೌಗು ಇದೆ, ಯಾರೂ ಮಾತಾಡಲ್ಲ. ಸಿದ್ದಾಪುರದ ಕತ್ತಲೆಕಾನು ನೋಡಿ. ರಾಮಪತ್ರೆ ಜಡ್ಡಿ. ಹಳ್ಳದ ನೀರೊಳಗೇ ಮರ, ಬೇರು ಮೊಣಕಾಲು ಮಡಚಿದ ಹಾಗೆ ಕೆಸರಿಂದ ಮೇಲೆದ್ದು ಉಸಿರಾಡುತ್ತೆ. ಎಷ್ಟೋ ಜಡ್ಡಿಗಳು ಅಡಿಕೆ ತೋಟ ಆಗಿ ಹೋದವು. ನನ್ನ ಅಜ್ಜನ ತೋಟದ ಕೆಳಗಿನ ತುಂಡು ಮೊದಲು ಅದೇ ಆಗಿತ್ತು ಅಂತ ಅಜ್ಜಿ ಹೇಳ್ತಿದ್ದಳು. ಕಾಲುವೆ ಹೊಡೆದು ಬಸಿದರು. ಈಗ ಮಾರ್ಚಿಗೇ ಬಾವಿ ತಳ ಕಾಣುತ್ತೆ.

ಮಣ್ಣುಮೇಷ್ಟ್ರು
ಹಡ್ಲು ಅವರೆ, ಸಣ್ಣ ತಿದ್ದುಪಡಿ. ಕತ್ತಲೆಕಾನಿನದು ಸಿಹಿನೀರ ಜೌಗು ಕಾಡು, ಐರ್ಲೆಂಡಿನಂಥ ಪೀಟ್ ಅಲ್ಲ. ನಮ್ಮ ಸೆಕೆಗೆ ಎಲೆ ಬೇಗ ಕೊಳೆಯುತ್ತೆ, ಅಷ್ಟು ದಪ್ಪ ಪದರ ಕೂರಲ್ಲ. ಕಾಪಾಡಬೇಕಾದ್ದು ಅಂತ ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ.

ಹಡ್ಲುಗದ್ದೆ
ಸರಿ ಮೇಷ್ಟ್ರೆ, ಒಪ್ಪಿದೆ. ಆದರೆ ನೀರು ಬತ್ತಿದ್ದು ಎರಡೂ ಕಡೆ ಒಂದೇ ಕಾರಣಕ್ಕೆ, ಕಾಲುವೆ ತೋಡಿ ಬಸಿದದ್ದಕ್ಕೆ.

ಊಟಿ_ಬಸ್ಸು
ದಕ್ಷಿಣ ಭಾರತದಲ್ಲಿ ನಿಜವಾದ ಪೀಟ್ ಬೇಕು ಅಂದ್ರೆ ಗಡಿ ದಾಟಿ ನೀಲಗಿರಿಗೆ ಬನ್ನಿ. ಎತ್ತರದ ಕಣಿವೆಗಳ ತಳದಲ್ಲಿ ಇದೆ. ಊಟಿ ಹತ್ತಿರದ ಸ್ಯಾಂಡಿನಲ್ಲಾದ ಪೀಟನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತಿತರರು ಪರೀಕ್ಷೆ ಮಾಡಿ, ಅದರೊಳಗಿನ ಇಂಗಾಲ ನೋಡಿಯೇ 40,000 ವರ್ಷದ ಹಿಂದಿನ ತನಕ ಯಾವಾಗ ಹುಲ್ಲು ಹೆಚ್ಚಿತ್ತು, ಯಾವಾಗ ಶೋಲಾ ಕಾಡು ಹೆಚ್ಚಿತ್ತು, ಮುಂಗಾರು ಜೋರಿತ್ತೋ ಇಲ್ಲವೋ ಅಂತ ಓದಿದ್ದಾರೆ. ಅಂಥ ದಫ್ತರದ ಪಕ್ಕದಲ್ಲೇ ವಾಟಲ್, ನೀಲಗಿರಿ ಮರ ನೆಟ್ಟು ನೀರು ಹೀರಿಸಿದ್ದು ನಾವೇ.

ನಿಘಂಟುಪ್ರಿಯ
ಎಲ್ಲರೂ ಪೀಟ್ ಪೀಟ್ ಅಂತಿದ್ದೀರಿ. ಕನ್ನಡದಲ್ಲಿ ಇದಕ್ಕೆ ಪದವೇ ಇಲ್ಲವಾ? ಜೌಗು, ಹುದುಲು, ಉಸುಬು, ಹಡ್ಲು, ಜಡ್ಡಿ... ಇಷ್ಟೊಂದು ಇಟ್ಟುಕೊಂಡು!

ಹಡ್ಲುಗದ್ದೆ
ಹಡ್ಲು ಅಂದ್ರೆ ಗುಡ್ಡದ ಬುಡದಲ್ಲಿ ವರ್ಷವಿಡೀ ನೀರು ಜಿನುಗೋ ಗದ್ದೆ. ಜಡ್ಡಿ ಬೇರೆ. ಉಸುಬು ಕಾಲು ಹೂತುಹೋಗೋ ಜಾಗ, ನಮ್ಮ ಎಮ್ಮೆ ಒಮ್ಮೆ ಸಿಕ್ಕಿಬಿದ್ದು ಹತ್ತು ಜನ ಎಳೆದಿದ್ದೆವು. ಪೀಟಿಗೆ ಪೀಟ್ ಅಂತಲೇ ಇರಲಿ ಬಿಡಿ, ಬಸ್ಸಿಗೆ ಬಸ್ಸು ಅಂದ ಹಾಗೆ.

ಸಂಜೆ_ಏಳು
ಇಷ್ಟು ಹೊತ್ತಾದರೂ ವಿಸ್ಕಿ ಮಾತು ಬರಲಿಲ್ಲ ಅಂದ್ರೆ ಇಲ್ಲಿ ಎಲ್ಲ ಸಜ್ಜನರೇ ಇದ್ದೀರಿ ಅಂತಾಯ್ತು. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಬಾರ್ಲಿ ಮೊಳಕೆ ಒಣಗಿಸೋಕೆ ಪೀಟ್ ಹೊಗೆ ಹಾಕ್ತಾರೆ, ಆ ಘಾಟು ಅಲ್ಲಿಂದಲೇ. ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್‌ನಲ್ಲೂ ಒಂದು ಪಾಲು ಸ್ಕಾಟ್ಲೆಂಡಿನ ಪೀಟ್ ಹೊಗೆ ತಿಂದ ಬಾರ್ಲಿ. ಹಾಗಾಗಿ ನಾನೂ ಈ ಪಾಪದಲ್ಲಿ ಭಾಗಿ.

ಚುರುಮುರಿ
ಪಾಪ ಅಳೆಯೋ ಅಳತೆ ಏನು, ಮೂವತ್ತೋ ಅರವತ್ತೋ?

ಗಾಲ್ವೇ_ಗೌಡ
ಎಲ್ಲ ಸರಿ, ಅಜ್ಜನ ಪರ ಒಬ್ಬನಾದರೂ ಮಾತಾಡಬೇಕಲ್ಲ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ. ಒಂದು ಸಲ ಸಹೋದ್ಯೋಗಿ ಮನೆಯವರ ಜೊತೆ ಟರ್ಫ್ ಎತ್ತೋಕೆ ಹೋಗಿದ್ದೆ. ಈಗ ಕಡಿಯೋದು ಯಂತ್ರ, ಉದ್ದುದ್ದ ಹಸಿ ಇಟ್ಟಿಗೆ ಸಾಲಾಗಿ ಹಾಕಿಕೊಂಡು ಹೋಗುತ್ತೆ. ಮೇಲ್ಮೈ ಸ್ವಲ್ಪ ಬಿರುಸಾದ ಮೇಲೆ ಒಂದೊಂದನ್ನೇ ಎತ್ತಿ, ನಾಲ್ಕೈದು ಒಟ್ಟಿಗೆ ಗೋಪುರದ ಹಾಗೆ ಒರಗಿಸಿ ನಿಲ್ಲಿಸಬೇಕು, ಗಾಳಿ ಆಡೋಕೆ. ಅರ್ಧ ದಿನಕ್ಕೆ ನನ್ನ ಸೊಂಟ ನಾಟಿ ಹಾಕಿದವರ ಸೊಂಟ ಆಯ್ತು. ಮಧ್ಯಾಹ್ನ ಅಲ್ಲೇ ಕೂತು ಫ್ಲಾಸ್ಕಿನ ಟೀ, ಬ್ರೆಡ್ಡು. ಮೂರು ತಲೆಮಾರು ಒಟ್ಟಿಗೆ. ನಮ್ಮೂರಿನ ಒಕ್ಕಣೆ ನೆನಪಾಯ್ತು. ಅದನ್ನ "ಮಾಲಿನ್ಯ" ಅಂತ ಒಂದೇ ಮಾತಲ್ಲಿ ಮುಗಿಸೋದು ಸುಲಭ.

ಬಗೆದು ತೆಗೆದಿದ್ದು ಯಾರು? ದೊಡ್ಡ ಪ್ರಮಾಣದಲ್ಲಿ ತೆಗೆದಿದ್ದು ಸರ್ಕಾರದ್ದೇ ಕಂಪನಿ. 1946ರಲ್ಲಿ ಶುರುವಾದ ಬೋರ್ಡ್ ನಾ ಮೋನಾ. ಪೀಟ್ ಉರಿಸಿ ಕರೆಂಟ್ ಮಾಡಿದ್ರು, ಕಲ್ಲಿದ್ದಲಿಗಿಂತ ಹೊಲಸು ಇಂಧನ ಅದು. 2021ರ ಜನವರಿಯಲ್ಲಿ ಪೀಟ್ ತೆಗೆಯೋದು ಪೂರ್ತಿ ನಿಲ್ಲಿಸಿದ್ದೀವಿ ಅಂತ ಘೋಷಿಸಿದ್ರು. ಅಜ್ಜನ ಪಟ್ಟಿ ಅದರ ಮುಂದೆ ಯಾವ ಲೆಕ್ಕ? ಅಲ್ಲದೆ ಅಜ್ಜ ಮಾಡ್ತಿರೋದು ಕಾನೂನಿಗೆ ವಿರುದ್ಧ ಆಗಿರಬೇಕು ಅಂತೇನಿಲ್ಲ. 2022ರ ಅಕ್ಟೋಬರ್ ಕೊನೆಗೆ ಬಂದ ನಿಯಮದಲ್ಲಿ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ, ಜಾಹೀರಾತು ಕೊಟ್ಟು ಮಾರೋ ಹಾಗಿಲ್ಲ. ಹಕ್ಕಿರೋರು ಮನೆಗೆ ಕಡ್ಕೋಬಹುದು. ಪೂರ್ತಿ ನಿಷೇಧ ಇರೋದು ಸಂರಕ್ಷಿತ ಅಂತ ಗುರುತಿಸಿದ 53 ಬಾಗ್‌ಗಳಲ್ಲಿ. ಅಲ್ಲಿ ಬಿಟ್ಟುಕೊಟ್ಟವರಿಗೆ ವರ್ಷಕ್ಕೆ 1,500 ಯೂರೊದಂತೆ 15 ವರ್ಷ ಪರಿಹಾರ.

ಮಣ್ಣುಮೇಷ್ಟ್ರು
ಗೌಡ್ರೆ, ಮನಸ್ಸಿಗೆ ನಾಟೋ ಹಾಗೆ ಬರೆದಿದ್ದೀರಿ. ಆದರೂ ಒಂದು. ಐರ್ಲೆಂಡಿನ ಮಧ್ಯಭಾಗದಲ್ಲಿ ಗುಮ್ಮಟದ ಹಾಗೆ ಉಬ್ಬಿದ ಬಾಗ್‌ಗಳಲ್ಲಿ ಇವತ್ತಿಗೂ ಜೀವಂತವಾಗಿ ಹಾವಸೆ ಬೆಳೀತಿರೋ ಭಾಗ ಮೂಲದ ಶೇ. 1ರ ಆಸುಪಾಸು ಮಾತ್ರ. ಇಷ್ಟೇ ಉಳಿದಾಗ "ನಂದು ಸಣ್ಣ ಪಟ್ಟಿ" ಅನ್ನೋ ಮಾತು ನಿಲ್ಲೋದಿಲ್ಲ. ಅಂಚಿನಲ್ಲಿ ಒಂದು ಪಟ್ಟಿ ಕಡಿದರೂ ಒಳಗಿನ ನೀರು ಆ ಕಡೆ ಜಾರುತ್ತೆ. ಅನ್ನದ ರಾಶಿ ಅಂಚು ತೆಗೆದರೆ ಸಾರು ಹರಿದ ಹಾಗೆ.

ಗಾಲ್ವೇ_ಗೌಡ
ಅದು ಒಪ್ಪಿದೆ. ನನ್ನ ಸಿಟ್ಟು ಬೇರೆ ಕಡೆ. ತೋಟಗಾರಿಕೆಗೆ ಪೀಟ್ ತೆಗೆಯೋದಕ್ಕೆ ಇಲ್ಲಿ 2019ರ ಕೋರ್ಟ್ ತೀರ್ಪಿನ ಮೇಲೆ ಕಡಿವಾಣ ಬಿತ್ತು. ಆಮೇಲೆ ಏನಾಯ್ತು ಗೊತ್ತಾ? 2021ರಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹಡಗಲ್ಲಿ ದ್ರೊಹೆಡಾ ಬಂದರಿಗೆ ಬಂತು, ಅಲ್ಲಿಂದ 200 ಲಾರಿ! ಅಣಬೆ ಬೆಳೆಗಾರರು, ನರ್ಸರಿಯವರು ಬೇಕಂತಾರೆ, ತರಿಸಿದ್ರು. ನಮ್ಮ ಜೌಗು ಉಳೀತು, ಲಾಟ್ವಿಯಾದ್ದು ಹೋಯ್ತು. ಇದಕ್ಕೆ ಸಂರಕ್ಷಣೆ ಅಂತಾರಾ?

ಇನ್ನು ಹಸಿರು ಇಂಧನದ ಹೆಸರಲ್ಲಿ ಆಗಿದ್ದು ಕೇಳಿ. ಡೆರಿಬ್ರೈನ್ ಅಂತ, ನಮ್ಮ ಕೌಂಟಿಯಲ್ಲೇ. ಗುಡ್ಡದ ಪೀಟ್ ಮೇಲೆ ಗಾಳಿಯಂತ್ರ ನಿಲ್ಲಿಸೋ ಕೆಲಸ ನಡೆದಾಗ 2003ರ ಅಕ್ಟೋಬರಿನಲ್ಲಿ ಗುಡ್ಡದ ಪೀಟೇ ಜಾರಿ ಹೊಳೆಗೆ ಬಂತು. ಸಾವಿರಾರು ಮೀನು ಸತ್ತವು. ಯುರೋಪಿನ ಕೋರ್ಟು 2019ರಲ್ಲಿ ಐರ್ಲೆಂಡಿಗೆ 50 ಲಕ್ಷ ಯೂರೊ ದಂಡ ಹಾಕಿ, ಮೇಲೆ ದಿನಕ್ಕೆ 15,000 ಅಂತ ಮೀಟರ್ ಓಡಿಸಿತು.

ಯಾರ್ಕ್‌ಶೈರ್_ಯಾಲಕ್ಕಿ
ನಮ್ಮ ಕಡೆಯೂ ಹಾಗೇ. 2024ರೊಳಗೆ ಮನೆತೋಟದವರಿಗೆ ಪೀಟ್ ಚೀಲ ಮಾರೋದು ನಿಲ್ಲಿಸ್ತೀವಿ ಅಂತ ಇಂಗ್ಲೆಂಡಿನ ಸರ್ಕಾರ 2022ರಲ್ಲಿ ಹೇಳಿತ್ತು. 2024 ಬಂತು, ಹೋಯ್ತು, ಕಾನೂನು ಮಾತ್ರ ಬರಲಿಲ್ಲ.

ಕಲ್ಪತರು_ಹುಡುಗ
ನಾನು ತಿಪಟೂರು ಕಡೆಯವನು, ತೆಂಗಿನ ಮಟ್ಟೆ ಪುಡಿಯಿಂದ ಕೊಕೊಪೀಟ್ ಮಾಡ್ತೀವಿ. ಇಷ್ಟು ಹೊತ್ತು ಓದ್ತಾ ಇದ್ದೆ. ಆಫಲಿ ಅಕ್ಕ, ನಿಮ್ಮ ಚೀಲಕ್ಕೆ ಉತ್ತರ ನಮ್ಮ ತೆಂಗಿನ ಮಟ್ಟೆಯಲ್ಲಿದೆ. ನಾನು ಸಣ್ಣವನಿದ್ದಾಗ ನಾರು ಬಿಡಿಸೋ ಮಿಲ್ಲಿನ ಹಿಂದೆ ಪುಡಿ ಗುಡ್ಡೆ ಗುಡ್ಡೆ ಬಿದ್ದಿರೋದು. ಮಳೆ ಬಂದರೆ ಕಂದು ನೀರು ಪಕ್ಕದ ಹೊಲಕ್ಕೆ, ಹೊಲದವನು ನಮ್ಮಪ್ಪನ ಕುತ್ತಿಗೆಗೆ. ಬೆಂಕಿ ಬಿದ್ದರೆ ವಾರಗಟ್ಟಲೆ ಹೊಗೆ. ಈಗ ಅದೇ ಪುಡಿ ತೊಳೆದು, ಒಣಗಿಸಿ, ಒತ್ತಿ ಐದು ಕೆಜಿ ಇಟ್ಟಿಗೆ ಮಾಡಿ ಕಂಟೇನರಿಗೆ ಹಾಕ್ತೀವಿ. ನೀರು ಹಾಕಿದ್ರೆ ಉಬ್ಬಿ ಎಪ್ಪತ್ತು ಲೀಟರ್ ಹತ್ತಿರ ಆಗುತ್ತೆ. ಹಾಲೆಂಡಿನಲ್ಲೂ ಇದರಲ್ಲಿ ಟೊಮ್ಯಾಟೊ ಬೆಳೆಯೋರಿದ್ದಾರೆ.

ಹುಬ್ಬಳ್ಳಿ_ಗಿರ್ಮಿಟ್
ತಮ್ಮಾ, ತೊಳ್ಯಾಕ ನೀರು ಎಲ್ಲಿಂದ?

ಕಲ್ಪತರು_ಹುಡುಗ
...ಬೋರ್.

ಕೇಳ್ತೀರಿ ಅಂತ ಗೊತ್ತಿತ್ತು ಅಣ್ಣ. ಪುಡಿಯಲ್ಲಿ ಉಪ್ಪಿನಂಶ ಇರುತ್ತೆ, ಸೋಡಿಯಂ, ಪೊಟ್ಯಾಸಿಯಂ. ಖರೀದಿದಾರ ಅದನ್ನ ಅಳೆಯೋ ಇಸಿ ಮೀಟರ್ ಇಟ್ಟು ನೋಡ್ತಾನೆ, ಜಾಸ್ತಿ ಬಂದ್ರೆ ಲೋಡೇ ವಾಪಸ್. ಹಾಗಾಗಿ ಎರಡು ಮೂರು ಸಲ ತೊಳೀಬೇಕು. ಒಳ್ಳೇ ದರ್ಜೆಗೆ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ನೆನೆಸಿ ಮತ್ತೆ ತೊಳೀಬೇಕು. ನಮ್ಮ ಮೊದಲ ಬೋರ್ 400 ಅಡಿಗೆ ಬಂದಿತ್ತು, ಈಗಿನದ್ದು 900. ತೊಳೆದ ನೀರನ್ನ ಗುಂಡಿಯಲ್ಲಿ ತಿಳಿಯಾಗಿಸಿ ಮತ್ತೆ ಮೊದಲ ತೊಳೆತಕ್ಕೆ ಬಳಸ್ತೀವಿ. ಎಲ್ಲರೂ ಹಾಗೆ ಮಾಡಲ್ಲ. ಸುಳ್ಳು ಹೇಳಲ್ಲ.

ಗಾಲ್ವೇ_ಗೌಡ
ಅಂದ್ರೆ ಐರ್ಲೆಂಡಿನ ನೀರು ಐರ್ಲೆಂಡಿನಲ್ಲೇ ನಿಲ್ಲಲಿ ಅಂತ ತಿಪಟೂರಿನ ನೀರು ಖರ್ಚು. ವಾರಕ್ಕೆ ಐದು ದಿನ ಮಳೆ ಬರೋ ದೇಶದ ಕೊತ್ತಂಬರಿಗೆ ಬರಪೀಡಿತ ತಾಲ್ಲೂಕಿನ ಬೋರ್‌ವೆಲ್!

ಮಣ್ಣುಮೇಷ್ಟ್ರು
ಮಾತು ಹರಿತವಾಗಿದೆ, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಗೌಡ್ರೆ. ಮಟ್ಟೆ ಪ್ರತಿ ವರ್ಷ ಬರುತ್ತೆ, ತೊಳೆಯೋ ನೀರಿನ ಸಮಸ್ಯೆಗೆ ಈ ಹುಡುಗ ಗುಂಡಿ ತೋಡಿದ್ದಾನೆ. ಜೌಗು ಒಮ್ಮೆ ಹೋದರೆ ಗುಂಡಿ ತೋಡಿ ತರೋಕಾಗಲ್ಲ.

ಮನೆತೋಟಕ್ಕೆ ಎರಡೂ ಬೇಡ. ಎಲೆಗೊಬ್ಬರ, ತೊಗಟೆ ಚೂರು, ಅಡುಗೆಮನೆ ಕಸದ ಗೊಬ್ಬರ ಸಾಕು. ಮೆಂತ್ಯಕ್ಕೆ ಯಾವ ಭಾಗ್ಯ ಬೇಕು? ನಮ್ಮಲ್ಲಿ ಗೋಣಿಚೀಲದ ಮೇಲೆ ಬಿದ್ದರೂ ಹುಟ್ಟುತ್ತೆ.

ಸಿಂಗಪುರ_ಸಾರು
ನೀವೆಲ್ಲ ಚಳಿ ದೇಶದ ಜೌಗನ್ನೇ ಹೇಳ್ತಿದ್ದೀರಿ. 2015ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ನಾವಿದ್ದ ಹದಿನಾಲ್ಕನೇ ಮಹಡಿಯಿಂದ ಹೊಗೆಗೆ ಎದುರಿನ ಬ್ಲಾಕ್ ಕಾಣ್ತಿರಲಿಲ್ಲ. ಶಾಲೆಗಳಿಗೇ ರಜೆ ಕೊಟ್ಟರು. ಬಾಗಿಲು ಸಂದಿಗೆ ಒದ್ದೆ ಟವೆಲ್ ತುರುಕಿ, ಮಗನಿಗೆ ಮಾಸ್ಕ್ ಹಾಕಿ ಕೂತಿದ್ದೆವು. ಉರೀತಿದ್ದದ್ದು ಇಂಡೊನೇಷ್ಯಾದ ಸುಮಾತ್ರಾ, ಕಾಲಿಮಂಟನ್ ಕಡೆಯ ಪೀಟ್. ಅಲ್ಲಿ ಮರದ ಬೇರು, ಎಲೆ ಸೇರಿ ಆದ ಪೀಟ್, ಮೀಟರ್‌ಗಟ್ಟಲೆ ಆಳ. ಆ ವರ್ಷ ಒಟ್ಟು ಸುಟ್ಟದ್ದು 26 ಲಕ್ಷ ಹೆಕ್ಟೇರ್. ಅದರಲ್ಲಿನ ಪೀಟ್ ನೆಲ ಬಹುಪಾಲು ಎಣ್ಣೆತಾಳೆ ತೋಟಕ್ಕೆ, ಕಾಗದದ ಮರಕ್ಕೆ ಕಾಲುವೆ ತೋಡಿ ಒಣಗಿಸಿದ ಜಾಗ. ಅದಕ್ಕೂ ಮುಂಚೆ 1996ರಲ್ಲಿ ಸುಹಾರ್ತೊ ಸರ್ಕಾರ ಹತ್ತು ಲಕ್ಷ ಹೆಕ್ಟೇರ್ ಜೌಗಲ್ಲಿ ಭತ್ತ ಬೆಳೀತೀವಿ ಅಂತ ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ, ಮರುವರ್ಷ ಬೆಂಕಿ ಬಂತು. ಪೀಟಿನ ಬೆಂಕಿ ಮೇಲೆ ಕಾಣಲ್ಲ, ನೆಲದೊಳಗೆ ಒಲೆ ಕೆಂಡದ ಹಾಗೆ ಹೋಗ್ತಾ ಇರುತ್ತೆ. ನೀರು ಸುರಿದರೆ ಮೇಲಿನದು ಆರುತ್ತೆ, ನಾಳೆ ಇನ್ನೊಂದು ಕಡೆ ಹೊಗೆ.

ಚುರುಮುರಿ
ನಾವು ಬೆಳ್ಳಂದೂರು ಕೆರೆಗೇ ಬೆಂಕಿ ಹಚ್ಚಿದವರು. ನಮ್ಮ ಮುಂದೆ ಇದೆಲ್ಲ ಏನು.

ಡಬ್ಲಿನ್_ದೋಸೆ
ಆಫಲಿ ಅವರೆ, ಏನಾಯ್ತು ಕೊನೆಗೆ?

ಆಫಲಿ_ಅಮ್ಮ
ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಬಿಚ್ಚದ ಚೀಲ ವಾಪಸ್ ಕೊಟ್ಟೆ, ಬಿಚ್ಚಿದ್ದು ಉಪಯೋಗಿಸಿದೆ, ಅದಕ್ಕೆ ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಭಾನುವಾರ ಅಜ್ಜ ಅವರ ಪಟ್ಟಿ ತೋರಿಸ್ತೀನಿ ಬನ್ನಿ ಅಂದ್ರು. ಹೋದ್ವಿ. ಅಪ್ಪನ ಕಾಲದ ಗುದ್ದಲಿ ಇಟ್ಟುಕೊಂಡಿದ್ದಾರೆ, ಸ್ಲೇನ್ ಅಂತಾರೆ, ಪಕ್ಕದಲ್ಲಿ ಒಂದು ರೆಕ್ಕೆ ಇರುತ್ತೆ, ಒಂದೇ ಏಟಿಗೆ ಇಟ್ಟಿಗೆ ಆಕಾರದಲ್ಲಿ ಕತ್ತರಿಸಿ ಬರುತ್ತೆ. ಕಡಿದ ಗೋಡೆ ಮೇಲುಗಡೆ ಕಂದು, ಕೆಳಕೆಳಗೆ ಕಪ್ಪು, ಬೆಣ್ಣೆ ಥರ ನುಣ್ಣಗೆ. ಅದರೊಳಗಿಂದ ಒಂದು ಪೈನ್ ಮರದ ಬೇರು ಹೊರಗೆ ಬಂದಿತ್ತು. ತೊಗಟೆ ಇನ್ನೂ ಇದೆ! ಮಗಳು ಮೇಷ್ಟ್ರ ಲೆಕ್ಕದ ಪ್ರಕಾರ ಸ್ಕೇಲ್ ಹಿಡಿದು "ಇಲ್ಲಿ ನಾನು ಹುಟ್ಟಿದೆ, ಇಲ್ಲಿ ನೀವು ಹುಟ್ಟಿದ್ರಿ" ಅಂತ ತೋರಿಸಿದಳು. ಅವಳದ್ದು ಒಂಬತ್ತು ಮಿಲಿಮೀಟರ್, ಅಜ್ಜನದ್ದು ಎಂಟು ಸೆಂಟಿಮೀಟರ್ ಕೂಡ ಆಗಲಿಲ್ಲ. ಅಜ್ಜ ಬಗ್ಗಿ ಆ ಎಂಟು ಸೆಂಟಿಮೀಟರನ್ನೇ ಸುಮಾರು ಹೊತ್ತು ನೋಡ್ತಿದ್ರು. "ಮುಂದಿನ ವರ್ಷ ಕಡೀತೀರಾ?" ಅಂತ ಕೇಳಿದಳು. "ಮುಂದಿನ ವರ್ಷ ನಾನಿದ್ದರೆ ನೋಡೋಣ, ಈ ವರ್ಷದ್ದಂತೂ ಒಣಗೋಕೆ ಇಟ್ಟಾಯ್ತಲ್ಲ" ಅಂದ್ರು.

ಸಂಜೆ ಅವರೇ ಹಿತ್ತಲ ಹಿಂದೆ ಕೊಳೆಸಿಟ್ಟ ಎಲೆಗೊಬ್ಬರ ಒಂದು ಬಕೆಟ್ ತಂದುಕೊಟ್ರು.

ಹಡ್ಲುಗದ್ದೆ
ಮೆಂತ್ಯ ಬಂತಾ?

ಆಫಲಿ_ಅಮ್ಮ
ಎರಡೆಲೆ ಬಂದಿತ್ತು. ರಾತ್ರಿ ಬಸವನಹುಳು ತಿಂದು ಹಾಕ್ತು.

ಹುಬ್ಬಳ್ಳಿ_ಗಿರ್ಮಿಟ್
ಸುತ್ತ ಬೂದಿ ಉದುರಸ್ರಿ ಅಕ್ಕಾರ. ಹುಳ ದಾಟಂಗಿಲ್ಲ.

ಆಫಲಿ_ಅಮ್ಮ
ಮನೇಲಿರೋದು ಟರ್ಫ್ ಬೂದಿ. ಮಗಳನ್ನ ಕೇಳಿ ಹೇಳ್ತೀನಿ.